ಗೋಡೆಯಾಚೆಯ ಸ್ಟೇಷನ್

ಬೇಗೂರಿನ ನಮ್ಮ ಹಳೇ ಮನೆಯ ಗೋಡೆ ಒಂದೂವರೆ ಅಡಿ ದಪ್ಪ. ಮಣ್ಣು ಕಲಸಿ, ತುಳಿದು, ಒಂದು ವರಸೆ ಒಣಗಿದ ಮೇಲೆ ಇನ್ನೊಂದು ವರಸೆ ಏರಿಸಿ ಕಟ್ಟಿದ್ದು. ಅದರಲ್ಲಿ ನಾಲ್ಕಿಂಚು ಚೌಕದ ಕಂಡಿ ಕೊರೆಯಲು ಗಾರೆ ಕೆಲಸದವರಿಗೆ ಇಡೀ ಒಂದು ಬೆಳಗ್ಗೆ ಹಿಡಿಯಿತು. "ಯಾತಕ್ಕೆ ಸಾಮಿ ಇದು, ಗಾಳಿಗಾ?" ಎಂದು ಕೇಳಿದರು. "ರೈಲಿಗೆ" ಎಂದೆ. ಅವರು ಉಳಿ ಕೆಳಗಿಟ್ಟು, ಹಲಗೆಯ ಮೇಲೆ ಹಾಸಿದ್ದ ಹಳಿಯನ್ನೂ ಅದರ ಮೇಲೆ ನಿಂತಿದ್ದ ಐದು ಡಬ್ಬಿಗಳನ್ನೂ ಕುಕ್ಕರುಗಾಲಲ್ಲಿ ಕೂತು ನೋಡಿದರು. ಒಂದು ಡಬ್ಬಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಹಾಗೇ ಕಂಡಿಯೊಳಕ್ಕೆ ಕೈ ತೂರಿಸಿದರು. ಬೆರಳ ಗೆಣ್ಣು ಅಂಚಿಗೆ ತಗುಲಿತು. "ಇನ್ನೊಂಚೂರು ಬುಡಿಸ್ಬೇಕು. ರೈಲು ಹೋದ್ರೆ ಸಾಲ್ದು, ಕೈ ಹೋಗ್ಬೇಕು ಕನಾ" ಎಂದರು. ಮಧ್ಯಾಹ್ನದೊಳಗೆ ಕಂಡಿ ಆರಿಂಚಾಯಿತು.

ಮಾದರಿ ರೈಲಿನ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ವಿಷಯವನ್ನು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಬೇಗೂರಿಗೆ ರೈಲಿಲ್ಲ. ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ 766ನೇ ಹೆದ್ದಾರಿಯೇ ನಮಗೆ ಎಲ್ಲ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲೇ ರೈಲು ಬಂತು. 1926ರಲ್ಲಿ ಮುಂದುವರಿದಾಗ ಅದು ಕವಲಂದೆ, ಬದನಗುಪ್ಪೆ ಹಿಡಿದು ಚಾಮರಾಜನಗರದ ಕಡೆ ತಿರುಗಿತು. ದಕ್ಷಿಣಕ್ಕಿದ್ದ ನಾವು ಹಾಗೇ ಉಳಿದೆವು. ನಂಜನಗೂಡಿನಿಂದ ಕೇರಳದ ನಿಲಂಬೂರಿಗೆ ಹಳಿ ಹಾಕುವ ಮಾತು ನಮ್ಮಪ್ಪನ ಕಾಲದಿಂದಲೂ ಕೇಳುತ್ತ ಬಂದಿದ್ದೇವೆ. ನಡುವೆ ಬಂಡೀಪುರ ಮತ್ತು ವಯನಾಡಿನ ಕಾಡಿದೆ. ಆ ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವನಾಗಿ ನನಗೆ ಆನೆ ಓಡಾಡುವ ದಾರಿಯಲ್ಲಿ ರೈಲು ಓಡುವುದು ಬೇಡ. ಆದರೆ ನಮ್ಮೂರ ಸ್ಟೇಷನ್ನಿನಲ್ಲಿ ಒಂದು ರೈಲು ನಿಂತದ್ದನ್ನು ನೋಡುವ ಆಸೆ ಚಿಕ್ಕಂದಿನಿಂದ ಹೋಗಿಲ್ಲ. ಎರಡಕ್ಕೂ ಒಟ್ಟಿಗೆ ಜಾಗವಿರುವುದು ನನ್ನ ಕೋಣೆಯಲ್ಲಿ ಮಾತ್ರ.

ಚಿಕ್ಕವನಿದ್ದಾಗ ರೈಲು ನೋಡುವುದೆಂದರೆ ನಂಜನಗೂಡಿನ ಜಾತ್ರೆಗೆ ಹೋದಾಗ ಕಪಿಲೆಯ ಸೇತುವೆಯ ಹತ್ತಿರ ನಿಲ್ಲುವುದು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆ ಅದು. ರೈಲೆಂಬುದು ಲೋಕದಲ್ಲಿ ಇನ್ನೂ ಹುಟ್ಟದಿದ್ದ ಕಾಲದ ಕಂಬಗಳ ಮೇಲೆ, ಗಾಡಿ ರಸ್ತೆಯ ಮಗ್ಗುಲಲ್ಲೇ ಮೀಟರ್‌ಗೇಜ್ ರೈಲು ದಾಟುತ್ತಿತ್ತು. ಬ್ರಾಡ್‌ಗೇಜ್ ಬಂದ ಮೇಲೆ ಪಕ್ಕದಲ್ಲಿ ಹೊಸ ಸೇತುವೆ ಆಯಿತು. ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ರೈಲು ಬಂದದ್ದಕ್ಕಿಂತ ಹೋದದ್ದು. ಕೊನೆಯ ಡಬ್ಬಿ ಮರಗಳ ಹಿಂದೆ ಸರಿದ ಮೇಲೂ ಅದು ಈಗ ತಾಂಡವಪುರಕ್ಕೆ ಹೋಗಿರುತ್ತದೆ, ಈಗ ಕಡಕೊಳಕ್ಕೆ ಎಂದು ಮನಸ್ಸಿನಲ್ಲೇ ಅದರ ಹಿಂದೆ ಹೋಗುತ್ತಿದ್ದೆ.

ಕೋಣೆಯೊಳಗಿನ ರೈಲಿಗೆ ಇದೇ ಇರಲಿಲ್ಲ. ಹದಿನಾಲ್ಕಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ಗೋಡೆಗುಂಟ ಹಳಿ ಹಾಕಿದರೆ ಒಂದು ಸುತ್ತಿಗೆ ಸುಮಾರು 12 ಮೀಟರ್ ಸಿಗುತ್ತದೆ. ರೈಲು ಒಂದೂವರೆ ನಿಮಿಷದಲ್ಲಿ ಸುತ್ತಿ ಬಂದು ಮತ್ತೆ ಅದೇ ಸ್ಟೇಷನ್ನಿನ ಮುಂದೆ ಹಾಯುತ್ತದೆ. ಮೂರನೇ ಸುತ್ತಿಗೆ ಅಕ್ಕನ ಮಗಳು ಎದ್ದು ಹೋದಳು. ಅವಳದೇನೂ ತಪ್ಪಿಲ್ಲ. ಕಣ್ಣೆದುರೇ ಸುತ್ತುವ ರೈಲು ಎಲ್ಲಿಗೂ ಹೋಗುವುದಿಲ್ಲ, ಅದು ಗಾಣದ ಎತ್ತು. ರೈಲು ಎಲ್ಲಿಗೋ ಹೋಗಬೇಕು, ಕಾಣದೆ ಇರಬೇಕು, ಆಮೇಲೆ ಬರಬೇಕು.

ಜರ್ಮನಿಯ ಹವ್ಯಾಸಿಗಳು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡಿದ್ದಾರೆ. ನೋಡುವವರ ಕಣ್ಣಿಗೆ ಬೀಳದ ಹಾಗೆ, ಬೆಟ್ಟದ ಮಾದರಿಯ ಕೆಳಗೋ ಗೋಡೆಯ ಹಿಂದೋ ಹಳಿಗಳ ಗುಂಪೊಂದನ್ನು ಹಾಸಿರುತ್ತಾರೆ. ರೈಲು ಅಲ್ಲಿ ಹೋಗಿ ನಿಂತು, ಹೊತ್ತಾದ ಮೇಲೆ ಹೊರಗೆ ಬರುತ್ತದೆ. ಅವರ ಭಾಷೆಯಲ್ಲಿ ಅದರ ಹೆಸರಿಗೆ ನೆರಳಿನ ನಿಲ್ದಾಣ ಎಂದರ್ಥ. ಅಮೆರಿಕದ ಮನೆಗಳಲ್ಲಿ ನೆಲದ ಹಲಗೆಗೂ ಮಣ್ಣಿಗೂ ನಡುವೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಸಂದು ಇರುತ್ತದೆ. ಅಲ್ಲಿನವರು ಎಷ್ಟೋ ಸಲ ಗೋಡೆ ಕೊರೆದು ರೈಲನ್ನು ಅದರೊಳಕ್ಕೆ ಇಳಿಸುತ್ತಾರೆ. ನಮ್ಮ ಕಡೆಯ ಮನೆಗೆ ಅಂಥ ಸಂದಿಲ್ಲ. ನಮಗಿರುವುದು ಅಟ್ಟ.

ಮನೆಯ ಮುಂದಿನ ಅರ್ಧ ಕೆಡವಿ ತಾರಸಿ ಹಾಕಿಸಿದಾಗ ಮೇಲೊಂದು ಕೋಣೆ ಬಂತು. ಹಿಂದಿನ ಅರ್ಧ ಹೆಂಚಿನದೇ. ಕೋಣೆಯ ಹಿಂಗೋಡೆಯಾಚೆ ಆ ಹೆಂಚಿನ ಕೆಳಗಿನ ಅಟ್ಟ ಇದೆ. ಒಂದು ಕಾಲಕ್ಕೆ ಅವರೆ, ಹುರುಳಿ, ಅರಿಸಿನದ ಚೀಲ ಇಡುತ್ತಿದ್ದ ಜಾಗ. ನಡುತೊಲೆಯ ಕೆಳಗೆ ಮೂರೂವರೆ ಅಡಿ ಎತ್ತರ. ಅಲ್ಲಿಂದ ಎರಡೂ ಕಡೆ ಇಳಿಯುತ್ತ ಸೂರಿನ ಹತ್ತಿರ ಗೇಣಿಗೆ ಬರುತ್ತದೆ. ಒಳಗೆ ಅಂಬೆಗಾಲಲ್ಲೇ ಓಡಾಡಬೇಕು.

ಅಳತೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಹೆಚ್ಚು ಬಳಕೆಯಲ್ಲಿರುವ ಮಾದರಿ ಎಚ್‌ಒ ಎಂಬುದು. ನಿಜವಾದದ್ದರ 87ರಲ್ಲಿ ಒಂದು ಪಾಲು. 21 ಮೀಟರಿನಷ್ಟಿರುವ ನಮ್ಮ ಐಸಿಎಫ್ ಎಂಬ ಬಗೆಯ ಪ್ರಯಾಣಿಕರ ಬೋಗಿ ಇದರಲ್ಲಿ 245 ಮಿಲಿಮೀಟರ್ ಆಗುತ್ತದೆ. ಹಳಿಯ ನಡುವಿನ ಅಗಲ 16.5 ಮಿಲಿಮೀಟರ್. ಇದು ಹೊರದೇಶಗಳ 1435 ಮಿಲಿಮೀಟರ್ ಹಳಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್ ಅಗಲವಾದ್ದರಿಂದ ಸರಿಯಾಗಿ ಮಾಡಿದರೆ 19 ಮಿಲಿಮೀಟರಿಗೂ ಹೆಚ್ಚು ಬರಬೇಕು. ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಭಾರತೀಯ ಡಬ್ಬಿಗಳನ್ನು ಇಟ್ಟುಕೊಂಡವರು ಬಹುಮಟ್ಟಿಗೆ ಈ ಕಿರಿದಾದ ಹಳಿಯ ಮೇಲೆಯೇ ಓಡಿಸುತ್ತಾರೆ, ನಾನೂ ಅಷ್ಟೆ. ಮೈಸೂರಿನಿಂದ ಚಾಮರಾಜನಗರದವರೆಗಿನ ಸುಮಾರು 60 ಕಿಲೋಮೀಟರನ್ನು 87ರಿಂದ ಭಾಗಿಸಿದರೂ 700 ಮೀಟರಿನ ಹತ್ತಿರ ಹೋಗುತ್ತದೆ. ಯಾವ ಮನೆಯಲ್ಲೂ ಅಷ್ಟು ಜಾಗವಿಲ್ಲ. ಒಂದು ಸೇತುವೆ, ಒಂದು ಸ್ಟೇಷನ್, ಒಂದು ತೋಟ ಆರಿಸಿಕೊಂಡು ಮಿಕ್ಕಿದ್ದನ್ನು ಬಿಡಬೇಕು. ನಾನು ಆರಿಸಿಕೊಂಡದ್ದು ಕಪಿಲೆಯ ಸೇತುವೆ ಮತ್ತು ಇಲ್ಲದ ಬೇಗೂರು ಸ್ಟೇಷನ್.

ಗೋಡೆ ಕೊರೆಯುವ ಮುಂಚೆ ಎತ್ತರದ ಲೆಕ್ಕ ಹಾಕಬೇಕು. ಕೋಣೆಯ ನೆಲ, ಅಟ್ಟದ ಹಲಗೆ ಎರಡೂ ಒಂದೇ ಮಟ್ಟ. ಕೋಣೆಯಲ್ಲಿ ನನ್ನ ಹಳಿ ನೆಲದಿಂದ 75 ಸೆಂಟಿಮೀಟರ್ ಮೇಲಿತ್ತು. ಅಟ್ಟದೊಳಗೆ ಪಕ್ಕದಲ್ಲಿ ಕೂತು ಕೈ ಆಡಿಸಬೇಕಾದರೆ ಅದು 30 ಸೆಂಟಿಮೀಟರಿಗಿಂತ ಮೇಲಿರುವ ಹಾಗಿಲ್ಲ. 45 ಸೆಂಟಿಮೀಟರ್ ಇಳಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಳಿಯ ಇಳಿಜಾರು 50ಕ್ಕೆ 1. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿತ. ನಿಜವಾದ ಎಂಜಿನ್ನಿಗೇ ಅದು ಕಡಿದು. ಆ ಲೆಕ್ಕದಲ್ಲಿ 45 ಸೆಂಟಿಮೀಟರ್ ಇಳಿಯಲು ಇಪ್ಪತ್ತೆರಡೂವರೆ ಮೀಟರ್ ಹಳಿ ಬೇಕು, ಅಂದರೆ ಕೋಣೆಗೆ ಹತ್ತಿರ ಹತ್ತಿರ ಎರಡು ಸುತ್ತು. ನಮ್ಮ ಬಂಡೀಪುರದಾಚೆಯ ಊಟಿಯ ರೈಲು 12ಕ್ಕೆ 1ರಷ್ಟು ಕಡಿದನ್ನು ಹತ್ತುತ್ತದಲ್ಲ ಎನ್ನಬಹುದು. ಅಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿದ್ದಾರೆ, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಏರುತ್ತದೆ. ಬರೀ ಗಾಲಿ ಬರೀ ಹಳಿಯ ಮೇಲೆ ಅಲ್ಲಿ ಜಾರಿಬಿಡುತ್ತದೆ. ಮಾದರಿಯಲ್ಲಿ ಇಳಿಯುವುದು ಸುಲಭ, ಅದೇ ದಾರಿಯಲ್ಲಿ ಐದು ಡಬ್ಬಿ ಎಳೆದುಕೊಂಡು ಕತ್ತಲಿಂದ ಮೇಲಕ್ಕೆ ಬರುವಾಗ ಗೊತ್ತಾಗುತ್ತದೆ.

ಹಳಿಯನ್ನು ಬುಗುರಿಯ ದಾರದ ಹಾಗೆ ಸುತ್ತಿ ಸುತ್ತಿ ಇಳಿಸುವ ಉಪಾಯವೂ ಇದೆ. 60 ಸೆಂಟಿಮೀಟರ್ ತ್ರಿಜ್ಯದ ಸುರುಳಿ ಹಾಕಿ ಇಳಿಜಾರನ್ನು 40ಕ್ಕೆ 1 ಮಾಡಿದರೆ ಒಂದು ಸುತ್ತಿಗೆ ಒಂಬತ್ತು ಸೆಂಟಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಐದು ಸುತ್ತಿನಲ್ಲಿ ಕೆಲಸ ಆಗುತ್ತದೆ. ಆದರೆ ಅದು ಕೋಣೆಯ ಒಂದು ಮೂಲೆಯನ್ನೇ ನುಂಗುತ್ತದೆ, ತಿರುವಿನಲ್ಲಿ ಗಾಲಿ ಹಳಿಗೆ ಉಜ್ಜುವುದರಿಂದ ಎಳೆತವೂ ಹೆಚ್ಚು. ಕೊನೆಗೆ ನಾನು ಮಾಡಿದ್ದು ಕೋಣೆಯ ಹಲಗೆಯನ್ನೇ 45 ಸೆಂಟಿಮೀಟರಿಗೆ ತಗ್ಗಿಸಿದ್ದು. ಹೊರದೇಶದ ಪುಸ್ತಕಗಳು ಹಳಿ ಎದೆಯೆತ್ತರಕ್ಕೆ ಇರಲಿ ಎನ್ನುತ್ತವೆ, ಅವರು ನಿಂತು ನೋಡುವವರು. ನಾವು ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕೂರುವವರು. ಕೂತವರ ಕಣ್ಣಿಗೆ 45 ಸೆಂಟಿಮೀಟರಿನ ಹಳಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ರೈಲು ನೋಡಿದಷ್ಟೇ ಸಹಜವಾಗಿರುತ್ತದೆ. ಉಳಿದ 15 ಸೆಂಟಿಮೀಟರ್ ಇಳಿತ ಏಳೂವರೆ ಮೀಟರಿನಲ್ಲಿ ಮುಗಿಯಿತು. ಸೇತುವೆ ದಾಟಿದ ಕೂಡಲೇ ಶುರುವಾಗುವ ಆ ಇಳಿಜಾರು ನೋಡುವವರಿಗೆ ತಿಳಿಯುವುದೇ ಇಲ್ಲ.

ಇನ್ನು ಕಂಡಿ. ಡಬ್ಬಿಯ ಅಗಲ 37 ಮಿಲಿಮೀಟರ್, ಎತ್ತರ 46. ಆದರೆ ಗೋಡೆಯ ಹತ್ತಿರ ಹಳಿ ತಿರುಗುತ್ತಿದ್ದರೆ ಆ ಲೆಕ್ಕ ಸಾಲದು. ಬೋಗಿ ನಿಂತಿರುವುದು ಎರಡು ತುದಿಗಳ ಹತ್ತಿರದ ಗಾಲಿಗಳ ಮೇಲೆ. ತಿರುವಿನಲ್ಲಿ ಅದರ ಹೊಟ್ಟೆ ಒಳಕ್ಕೆ ಬಾಗುತ್ತದೆ, ಮೂಲೆಗಳು ಹೊರಕ್ಕೆ ಚಾಚುತ್ತವೆ. 60 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಎರಡೂ ಕಡೆ ಸುಮಾರು ಆರಾರು ಮಿಲಿಮೀಟರ್. ಹಲಸಿನ ಲಾರಿ ಸಂದಿಯಲ್ಲಿ ತಿರುಗುವಾಗ ಹಿಂಬದಿ ಗೋಡೆಗೆ ಉಜ್ಜುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅತಿ ಉದ್ದದ ಡಬ್ಬಿಯ ಎರಡೂ ಮಗ್ಗುಲಿಗೆ ಪೆನ್ಸಿಲ್ ಕಟ್ಟಿ, ರಟ್ಟಿನ ಮೇಲೆ ಹಳಿ ಹಾಸಿ, ಕೈಯಲ್ಲಿ ತಳ್ಳಿ ಗೆರೆ ಎಳೆಸಿಕೊಂಡರೆ ಸರಿಯಾದ ಅಳತೆ ಸಿಗುತ್ತದೆ. ಅದರ ಮೇಲೆ ನಿಮ್ಮ ಕೈಯ ಅಳತೆ ಸೇರಿಸಿ. ಕಂಡಿಯ ನಡುವೆ ಮಾತ್ರ ಹಳಿಯ ಜೋಡಣೆ ಬರಬಾರದು. ಒಂದೂವರೆ ಅಡಿ ಮಣ್ಣಿನೊಳಗೆ ಸಡಿಲಾದ ಜೋಡಣೆಯನ್ನು ಸರಿಪಡಿಸಲು ಯಾವ ಕೈಯೂ ಪೂರ್ತಿ ಮುಟ್ಟುವುದಿಲ್ಲ.

ಕಂಡಿಗೆ ಕಲ್ಲಿನ ಕಮಾನು ಹಚ್ಚಿ ಸುರಂಗ ಮಾಡಿಬಿಡಿ ಎಂದು ಹಲವರು ಹೇಳಿದರು. ಸುಂದರವಾಗಿ ಕಾಣುತ್ತಿತ್ತು, ನಿಜ. ಸಕಲೇಶಪುರ ಘಟ್ಟದಲ್ಲಾದರೆ 57 ಸುರಂಗಗಳಿವೆ, ಒಪ್ಪುತ್ತಿತ್ತು. ನಮ್ಮದು ಬಯಲು. ನಂಜನಗೂಡಿನ ಕಡೆಯಿಂದ ಬರುವ ಹಳಿಗೆ ಸುರಂಗ ಇಟ್ಟರೆ ಈ ನೆಲ ಬಲ್ಲ ಯಾರ ಮನಸ್ಸೂ ಒಪ್ಪದು. ಅದಕ್ಕೆ ಕಂಡಿಯ ಮುಂದೆ ಹಳಿಯ ಮೇಲೆ ಹಾಯುವ ರಸ್ತೆ ಸೇತುವೆಯೊಂದನ್ನು ಕಟ್ಟಿ, ಅದರ ಎರಡೂ ಕಡೆ ಹುಣಸೆ, ಹೊಂಗೆ ಮರ ನೆಟ್ಟೆ. ಮರಕ್ಕೆ ತಾಮ್ರದ ತಂತಿಯ ಕೊಂಬೆ, ಪುಡಿ ಮಾಡಿ ಬಣ್ಣ ಹಾಕಿದ ಸ್ಪಂಜಿನ ಎಲೆ. ಇನ್ನೊಂದು ಮಗ್ಗುಲಿಗೆ ಚೆಂಡುಹೂವಿನ ಹೊಲ. ರೈಲು ಸೇತುವೆಯ ನೆರಳಿಗೆ ಹೋಗುತ್ತದೆ, ಮರಗಳ ಹಿಂದೆ ಕೊನೆಯ ಡಬ್ಬಿ ಸರಿಯುತ್ತದೆ. ಕಪಿಲೆಯ ದಡದಲ್ಲಿ ನಾನು ಕಂಡಿದ್ದೂ ಇದೇ.

ಅಟ್ಟದೊಳಗೆ ಹಳಿ ಆರು ಮೀಟರ್ ನೆಟ್ಟಗೆ ಹೋಗಿ, 45 ಸೆಂಟಿಮೀಟರ್ ತ್ರಿಜ್ಯದ ಉಂಗುರವೊಂದನ್ನು ಸುತ್ತಿ, ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಉಂಗುರದ ನಡುವೆ ಹಲಗೆ ಹಾಕದೆ ಬಾವಿಯ ಹಾಗೆ ಬಿಟ್ಟಿದ್ದೇನೆ. ತೆವಳಿಕೊಂಡು ಹೋಗಿ ಕೆಳಗಿನಿಂದ ಆ ಬಾವಿಯೊಳಗೆ ತಲೆಯೆತ್ತಿ ಕೂತರೆ ಸುತ್ತಲಿನ ಎಲ್ಲ ಹಳಿಯೂ ಮೊಳದಳತೆಯಲ್ಲಿ ಸಿಗುತ್ತದೆ. ನಿಜವಾದ ರೈಲಿನ ಸುರಂಗಗಳಲ್ಲಿ ಗೋಡೆಗುಂಟ ಅಲ್ಲಲ್ಲಿ ಗೂಡು ಕೊರೆದಿರುತ್ತಾರೆ, ರೈಲು ಬಂದಾಗ ಹಳಿ ಕೆಲಸದವರು ಅದರೊಳಗೆ ಸರಿದು ನಿಲ್ಲಲಿಕ್ಕೆ. ಹಳಿಯನ್ನು ನೋಡಿಕೊಳ್ಳುವ ಮೈಗೆ ಮೊದಲು ಜಾಗ, ಆಮೇಲೆ ಹಳಿ. ಸಣ್ಣ ಅಟ್ಟದಲ್ಲೂ ಈ ಕ್ರಮ ಬಿಡಬಾರದು. ಹಲಗೆ ಜೋಡಿಸುವ ಮುಂಚೆ ನಾನು ಮೂರು ದಿನ ಬರೀ ಒಳಗೆ ಹೋಗಿ ಬರುವುದನ್ನೇ ಮಾಡಿದೆ. ಮೊಣಕಾಲಿಗೆ ಯಾವ ಮೊಳೆ ತಾಗುತ್ತದೆ, ತಲೆಗೆ ಯಾವ ತೊಲೆ, ಒಂದು ಕೈ ಊರಿ ಇನ್ನೊಂದರಲ್ಲಿ ಎಷ್ಟು ದೂರ ಚಾಚಬಹುದು ಎಲ್ಲವನ್ನೂ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿಕೊಂಡೆ.

ಉಂಗುರದಲ್ಲಿ ವಿದ್ಯುತ್ತಿನ ಒಂದು ತೊಡಕಿದೆ. ಮಾದರಿ ರೈಲಿಗೆ ಒಂದು ಹಳಿಯಿಂದ ವಿದ್ಯುತ್ತು ಹೋಗಿ ಇನ್ನೊಂದು ಹಳಿಯಿಂದ ಹಿಂತಿರುಗುತ್ತದೆ. ಹಳಿ ಉಂಗುರ ಸುತ್ತಿ ತನ್ನನ್ನೇ ಬಂದು ಸೇರಿದಾಗ ಎಡದ ಹಳಿ ಬಲದ ಹಳಿಗೆ ಕೂಡಿಬಿಡುತ್ತದೆ. ಅದೇ ಶಾರ್ಟ್ ಸರ್ಕಿಟ್. ನಂಬದಿದ್ದರೆ ಕಾಗದದ ಮೇಲೆ ಒಂದು ಹಳಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಗೆರೆ ಎಳೆಯುತ್ತ ಉಂಗುರ ಸುತ್ತಿ ನೋಡಿ, ಕೊನೆಯಲ್ಲಿ ಕೆಂಪು ನೀಲಿಯ ಮೇಲೆ ಬಂದು ಕೂರುತ್ತದೆ. ಉಂಗುರದ ಎರಡೂ ತುದಿಯಲ್ಲಿ ಹಳಿಯನ್ನು ಕೂದಲೆಳೆಯಷ್ಟು ಕತ್ತರಿಸಿ ಪ್ಲಾಸ್ಟಿಕ್ ಜೋಡಣೆ ಹಾಕಿ ಬೇರ್ಪಡಿಸಬೇಕು. ರೈಲು ಪೂರ್ತಿ ಉಂಗುರದೊಳಗೆ ಇರುವಾಗ, ಹಿಂದಿನ ಹಳಿಯ ಧನ ಋಣವನ್ನು ಸ್ವಿಚ್ಚಿನಿಂದ ಅದಲು ಬದಲು ಮಾಡಬೇಕು. ಹಾಗೆ ಬೇರ್ಪಟ್ಟ ಭಾಗ ಇಡೀ ರೈಲಿಗಿಂತ ಉದ್ದವಿರಲೇಬೇಕು. ನನ್ನ ಎಂಜಿನ್ನು, ಐದು ಡಬ್ಬಿ ಸೇರಿ ಒಂದೂವರೆ ಮೀಟರಿನ ಒಳಗೆ, ಉಂಗುರ ಎರಡೂ ಮುಕ್ಕಾಲು ಮೀಟರಿಗೂ ಹೆಚ್ಚು.

ಕೋಣೆಯ ಹಳಿಯ ಮೇಲೆ ನಮ್ಮ ಜತನವೆಲ್ಲ ಸುರಿಯುತ್ತದೆ. ಜಲ್ಲಿ ಉದುರಿಸುತ್ತೇವೆ, ತುಕ್ಕಿನ ಬಣ್ಣ ಹಚ್ಚುತ್ತೇವೆ. ಕಾಣದ ಜಾಗಕ್ಕೆ ಉಳಿದ ತುಂಡು ಹಳಿ, ಹಳಿ ಕವಲೊಡೆಯುವ ಕಡೆಗೆ ಹಳೇ ಪಾಯಿಂಟು, ಹೇಗೋ ಹಾಕಿದ ಬೆಸುಗೆ. ಇದು ತಲೆಕೆಳಗು. ಕಣ್ಣೆದುರು ಗಾಲಿ ತಪ್ಪಿದರೆ ಎರಡು ಬೆರಳಲ್ಲಿ ಎತ್ತಿ ಇಡಬಹುದು, ಅಟ್ಟದಲ್ಲಿ ತಪ್ಪಿದರೆ ತೆವಳಬೇಕು. ಒಳ್ಳೆಯ ಹಳಿ, ಹೊಸ ಜೋಡಣೆ, ಪ್ರತಿ ತುಂಡಿಗೂ ಬೇರೆ ಬೇರೆ ತಂತಿ ಕತ್ತಲಿಗೆ ಹೋಗಬೇಕು. ಪಾಯಿಂಟುಗಳು ಅಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು. ನನಗೆ ಒಂದೇ ಇದೆ, ಅದೂ ಬಾವಿಯಿಂದ ಕೈಗೆಟುಕುವ ಕಡೆ. ಹಳಿಯ ಎರಡೂ ಮಗ್ಗುಲಿಗೆ ಎರಡಿಂಚು ಎತ್ತರದ ಪ್ಲೈವುಡ್ ಪಟ್ಟಿ ಹೊಡೆದಿದ್ದೇನೆ, ಬಿದ್ದ ಡಬ್ಬಿ ಸೂರಿನ ಕಡೆಗೆ ಉರುಳಿ ಹೋಗದ ಹಾಗೆ.

ಇದನ್ನು ಕಲಿತದ್ದು ಮೊದಲ ಬೇಸಿಗೆಯಲ್ಲಿ. ಏಪ್ರಿಲಿನ ಒಂದು ಮಧ್ಯಾಹ್ನ ರೈಲು ಒಳಗೆ ಹೋಯಿತು, ಬರಲಿಲ್ಲ. ಟಾರ್ಚು ಹಿಡಿದು ತೆವಳಿ ನೋಡಿದರೆ ನೆಟ್ಟಗಿದ್ದ ಹಳಿ ನಡುವೆ ಹಾವಿನಂತೆ ಸೊಟ್ಟಗಾಗಿ, ಎಂಜಿನ್ನು ಮಗ್ಗುಲಾಗಿ ಮಲಗಿತ್ತು. ಮಾದರಿ ಹಳಿ ಮಾಡುವ ನಿಕ್ಕಲ್ ಸಿಲ್ವರ್ ಲೋಹದ ಆರು ಮೀಟರ್ ಉದ್ದ 20 ಡಿಗ್ರಿ ಬಿಸಿಯೇರಿದರೆ ಸುಮಾರು ಎರಡು ಮಿಲಿಮೀಟರ್ ಬೆಳೆಯುತ್ತದೆ. ಜನವರಿಯ ಚಳಿಯಲ್ಲಿ ನಾನು ಸಂದು ಬಿಡದೆ ಜೋಡಿಸಿದ್ದೆ. ಹೆಂಚಿನ ಕೆಳಗೆ ಬೇಸಿಗೆಯ ಕಾವು ಏರಿದಾಗ ಬೆಳೆದ ಹಳಿಗೆ ಹೋಗಲು ದಾರಿಯಿರಲಿಲ್ಲ. ದೊಡ್ಡ ರೈಲಿನಲ್ಲೂ ಬೇಸಿಗೆಯಲ್ಲಿ ಹಳಿ ಬಾಗುವುದು ಇದೇ ಕಾರಣಕ್ಕೆ. ಈಗ ಒಂದೊಂದು ಮೀಟರಿಗೂ ರಟ್ಟಿನ ದಪ್ಪದಷ್ಟು ಸಂದಿದೆ.

ಇಲಿ ಎರಡು ಸಲ ತಂತಿ ಕಡಿದ ಮೇಲೆ ತಂತಿಯನ್ನೆಲ್ಲ ಪಿವಿಸಿ ಪೈಪಿನಲ್ಲಿ ಹಾಯಿಸಿದೆ. ಹೆಂಚಿನಿಂದ ಉದುರುವ ದೂಳಿಗೆ ಕೆಳಗೆ ಟಾರ್ಪಾಲು ಬಿಗಿದಿದ್ದೇನೆ, ಮಳೆಗಾಲದ ಹನಿಯೂ ಅದರಲ್ಲೇ ಜಾರಿ ಹೋಗುತ್ತದೆ. ಒಂದು ಡಬ್ಬಿಯ ಹೊಟ್ಟೆಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ ಕಟ್ಟಿ ವಾರಕ್ಕೊಮ್ಮೆ ಓಡಿಸಿದರೆ ಹಳಿ ತಾನೇ ಒರೆಸಿಕೊಳ್ಳುತ್ತದೆ. ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆ ಇರಬಾರದು, ಎಂಜಿನ್ನಿನ ಕಿಡಿಗೆ ಸ್ಪಿರಿಟ್ಟು ಹತ್ತಿಕೊಂಡೀತು. ಬಟ್ಟೆಯನ್ನು ತುಸು ಒಣಗಲು ಬಿಟ್ಟೇ ಓಡಿಸುತ್ತೇನೆ.

ಮಾಡಹೊರಟವರಿಗೆ ಕೆಲವನ್ನು ಒತ್ತಿ ಹೇಳಬೇಕು. ಮನೆಯ 230 ವೋಲ್ಟಿನ ತಂತಿ ಅಟ್ಟಕ್ಕೆ ಹೋಗಬಾರದು. ಟ್ರಾನ್ಸ್‌ಫಾರ್ಮರು ಕೋಣೆಯಲ್ಲೇ ಇರಲಿ, ಒಳಗೆ ಹೋಗುವುದು 12 ವೋಲ್ಟು ಮಾತ್ರ. ಹಳೇ ಅಟ್ಟದ ಹಲಗೆ, ಜಂತೆಗಳನ್ನು ಗೆದ್ದಲು ಒಳಗಿಂದ ತಿಂದಿರಬಹುದು, ಮರಗೆಲಸದವರಿಗೆ ತೋರಿಸದೆ ಭಾರ ಹಾಕಬೇಡಿ. ಸೂರು ಹಳೇ ಕಲ್ನಾರಿನ ಶೀಟಿನದಾದರೆ ಅದನ್ನು ಕೊರೆಯುವುದು, ಕತ್ತರಿಸುವುದು ಬೇಡವೇ ಬೇಡ, ಆ ದೂಳು ಶ್ವಾಸಕೋಶಕ್ಕೆ ಕೇಡು. ಮೂಗು ಬಾಯಿಗೆ ಬಟ್ಟೆಗಿಂತ ಒಳ್ಳೆಯ ಮಾಸ್ಕು ಕಟ್ಟಿಕೊಳ್ಳಿ. ಹಾವು ಚೇಳಿನ ಜಾಗ ಅದು, ಮೊದಲು ಟಾರ್ಚು ಹೋಗಲಿ, ಆಮೇಲೆ ಕೈ. ಬೇಸಿಗೆಯ ಮಧ್ಯಾಹ್ನ ಒಳಗೆ ಹೋಗಬಾರದು, ಮನೆಯಲ್ಲಿ ಯಾರೂ ಇಲ್ಲದಾಗ ಯಾವ ಹೊತ್ತಿನಲ್ಲೂ ಹೋಗಬಾರದು. ಅವ್ವ ಇವತ್ತಿಗೂ ನಾನು ಅಟ್ಟದಲ್ಲಿರುವಷ್ಟು ಹೊತ್ತು ಕೆಳಗಿನಿಂದ ಆಗಾಗ ಕೂಗುತ್ತಾಳೆ, ನಾನು ಓಗೊಡುತ್ತೇನೆ.

ಅಟ್ಟದ ಪಯಣ ಹೋಗಿ ಬರಲು ಸುಮಾರು 15 ಮೀಟರ್. ಗಂಟೆಗೆ 40 ಕಿಲೋಮೀಟರ್ ಓಡುವ ರೈಲಿನ ವೇಗವನ್ನು ಅದೇ 87ರ ಲೆಕ್ಕಕ್ಕೆ ಇಳಿಸಿದರೆ ಸೆಕೆಂಡಿಗೆ 13 ಸೆಂಟಿಮೀಟರ್. ಕಣ್ಮರೆಯಾದ ರೈಲು ತಿರುಗಿ ಕಾಣಲು ಎರಡು ನಿಮಿಷ. ಅಷ್ಟರಲ್ಲಿ ಇನ್ನೊಂದು ರೈಲನ್ನು ಒಳಗೆ ಬಿಟ್ಟರೆ ಒಂಟಿ ಹಳಿಯ ಮೇಲೆ ಎರಡೂ ಎದುರೆದುರು. ದೊಡ್ಡ ರೈಲಿನಲ್ಲಿ ಇದನ್ನು ತಡೆಯಲು ಚೆಂಡಿನ ಟೋಕನ್ ಎಂಬ ವ್ಯವಸ್ಥೆಯಿತ್ತು. ಎರಡು ಸ್ಟೇಷನ್ನಿನ ನಡುವಿನ ಹಳಿಗೆ ಒಂದು ಸಲಕ್ಕೆ ಒಂದೇ ಲೋಹದ ಚೆಂಡು ಯಂತ್ರದಿಂದ ಹೊರಗೆ ಬರುತ್ತಿತ್ತು. ಅದನ್ನು ಬಳೆಯಾಕಾರದ ದೊಡ್ಡ ಹಿಡಿಯ ಚೀಲಕ್ಕೆ ಹಾಕಿ ಕೊಡುತ್ತಿದ್ದರು, ಡ್ರೈವರು ಓಡುವ ಎಂಜಿನ್ನಿನಿಂದಲೇ ತೋಳು ಚಾಚಿ ತೆಗೆದುಕೊಳ್ಳುತ್ತಿದ್ದ. ಚೆಂಡು ಕೈಯಲ್ಲಿಲ್ಲದೆ ರೈಲು ಹೊರಡುವ ಹಾಗಿರಲಿಲ್ಲ. ನಮ್ಮಲ್ಲಿ ಅವ್ವನ ಹಳೇ ಹಿತ್ತಾಳೆ ಬಳೆಯೊಂದಿದೆ. ಅದು ಯಾರ ಕೈಯಲ್ಲಿದೆಯೋ ಅವರ ರೈಲು ಮಾತ್ರ ಕಂಡಿ ದಾಟಬಹುದು. ಮರಳಿ ಬಂದ ಮೇಲೆ ಬಳೆಯನ್ನು ಬೇಗೂರು ಸ್ಟೇಷನ್ನಿನ ಗೂಟಕ್ಕೆ ಹಾಕಬೇಕು.

ರಾತ್ರಿ ಒಂಬತ್ತಕ್ಕೆ ಬಂಡೀಪುರದ ಚೆಕ್‌ಪೋಸ್ಟು ಮುಚ್ಚಿದ ಮೇಲೆ ಹೆದ್ದಾರಿಯಲ್ಲಿ ಲಾರಿಗಳ ಸದ್ದು ಇಳಿಯುತ್ತದೆ. ಆಗ ಅಟ್ಟದ ಹಲಗೆಯ ಮೂಲಕ ಗಾಲಿ ಸಂದು ದಾಟುವ ಟಕ್ ಟಕ್ ಕೋಣೆಗೆ ಕೇಳಿಸುತ್ತದೆ, ದೂರ ಹೋಗುತ್ತ ಸಣ್ಣದಾಗುತ್ತದೆ. ಮೊನ್ನೆ ರಜೆಗೆ ಬಂದಿದ್ದ ಅಕ್ಕನ ಮಗಳು ಬಳೆಯನ್ನು ಮೊಣಕೈವರೆಗೆ ಏರಿಸಿಕೊಂಡು ಕಂಡಿಯ ಹತ್ತಿರ ಕಿವಿಯಿಟ್ಟು ಕೂತಿದ್ದಳು. "ಗುಂಡ್ಲುಪೇಟೆ ದಾಟ್ತಾ ಮಾವ?" ಎಂದು ಕೇಳಿದಳು. "ಈಗ ದಾಟಿರುತ್ತೆ" ಎಂದೆ. ಟಕ್ ಟಕ್ ನಿಧಾನಕ್ಕೆ ದೊಡ್ಡದಾಯಿತು. ಹುಣಸೆ ಮರದ ಹಿಂದೆ ಎಂಜಿನ್ನಿನ ದೀಪ ಕಂಡಿತು. ಅವಳು ಬಳೆ ತೆಗೆದು ಗೂಟದ ಮೇಲೆ ಹಿಡಿದುಕೊಂಡೇ, ಕೊನೆಯ ಡಬ್ಬಿ ಕಂಡಿಯಿಂದ ಪೂರ್ತಿ ಈಚೆಗೆ ಬರುವವರೆಗೂ ಕಾಯುತ್ತಿದ್ದಳು.